ಜನ ಜಾಸ್ತಿ ಆದ್ರೆ ಕಾಯಿಲೆಯೂ ಜಾಸ್ತಿನಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕ. ಮಗ ಕೆನಡಾದಲ್ಲಿದ್ದಾನೆ. ಹೋದ ವರ್ಷ ಅಲ್ಲಿಗೆ ಹೋಗಿದ್ದೆ. ಎಲ್ಲಿ ನೋಡಿದರೂ ಖಾಲಿ ಜಾಗ, ಒಳ್ಳೆ ಗಾಳಿ, ಗಟ್ಟಿಮುಟ್ಟಾದ ಮುದುಕರು. ವಾಪಸ್ ಬಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ಮಾತ್ರೆಗೆ ನಿಂತರೆ ಅರ್ಧ ದಿನ ಕ್ಯೂನಲ್ಲೇ ಹೋಗುತ್ತದೆ. ಜನಸಂಖ್ಯೆ ಇಳಿಸದೆ ನಮ್ಮ ಆರೋಗ್ಯ ಸುಧಾರಿಸುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಆದರೆ ಜಪಾನಿನವರು ಜನ ಕಡಿಮೆಯಾದರು ಅಂತ ತಲೆ ಮೇಲೆ ಕೈ ಹೊತ್ತಿದ್ದಾರಂತೆ. ಜಾಸ್ತಿ ಆದರೂ ಕಷ್ಟ, ಕಡಿಮೆ ಆದರೂ ಕಷ್ಟ. ಹಾಗಾದರೆ ಸರಿಯಾದ ಲೆಕ್ಕ ಯಾವುದು?

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಇರುವ ದೇಶದಿಂದಲೇ ಶುರು ಮಾಡೋಣ. ಕೆನಡಾದ ಉತ್ತರ ತುದಿಯಲ್ಲಿ ನುನಾವುಟ್ ಅಂತ ಒಂದು ಪ್ರದೇಶವಿದೆ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ, ಹಾಗಾಗಿ ನೀವು ಹೋಗಿರಲಿಕ್ಕಿಲ್ಲ. ಹತ್ತು ಕರ್ನಾಟಕ ಅದರೊಳಗೆ ಹಿಡಿಸುತ್ತವೆ. ಜನ ಮಾತ್ರ ಸುಮಾರು 40,000. ಹೆಚ್ಚಿನವರು ಇನ್ಯೂಟ್ ಸಮುದಾಯದವರು. ಟಿಬಿ ಗಾಳಿಯಲ್ಲಿ ಹರಡುವ ಕಾಯಿಲೆ, ಜನ ಒತ್ತಾಗಿರುವ ಕಡೆ ಜಾಸ್ತಿ ಹರಡುತ್ತದೆ. ನಿಮ್ಮ ಲೆಕ್ಕದಲ್ಲಿ ನುನಾವುಟ್‌ನಲ್ಲಿ ಟಿಬಿಯ ಹೆಸರೂ ಕೇಳಬಾರದು. ಆದರೆ ಕೆನಡಾದಲ್ಲೇ ಹುಟ್ಟಿದ, ಮೂಲನಿವಾಸಿಗಳಲ್ಲದ ಜನರಿಗೆ ಹೋಲಿಸಿದರೆ ಇನ್ಯೂಟರಲ್ಲಿ ಟಿಬಿ ನೂರಾರು ಪಟ್ಟು ಜಾಸ್ತಿ. ಎಷ್ಟು ಅಂದರೆ, ಕೆಲವು ವರ್ಷ ಅವರ ದರ ನಮ್ಮ ಭಾರತದ ದರದ ಆಸುಪಾಸಿನಲ್ಲೇ ಇತ್ತು.

ಹೇಗೆ? ನೆಲ ಖಾಲಿ ಇದೆ, ಮನೆ ಖಾಲಿ ಇಲ್ಲ. ಬೇಟೆಯಾಡಿಕೊಂಡು ಅಲೆಯುತ್ತಿದ್ದ ಇನ್ಯೂಟರನ್ನು ಕಳೆದ ಶತಮಾನದ ಮಧ್ಯದಲ್ಲಿ ಸರ್ಕಾರ ಊರುಗಳಲ್ಲಿ ನೆಲೆ ನಿಲ್ಲಿಸಿತು. ಕಟ್ಟಿಕೊಟ್ಟ ಮನೆಗಳು ಚಿಕ್ಕವು, ಅವೂ ಸಾಲುವುದಿಲ್ಲ. ಎರಡು ಮೂರು ತಲೆಮಾರು ಒಂದೇ ಸೂರಿನಡಿ. ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ, ಕಿಟಕಿ ತೆಗೆಯುವ ಮಾತೇ ಇಲ್ಲ. ಒಬ್ಬರು ಕೆಮ್ಮಿದರೆ ಮನೆಮಂದಿಯೆಲ್ಲ ಅದೇ ಗಾಳಿ ಎಳೆದುಕೊಳ್ಳಬೇಕು. ಹಾಲು, ತರಕಾರಿ ವಿಮಾನದಲ್ಲಿ ಬರಬೇಕು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹೊಟ್ಟೆಗೆ ಸಾಲದ ಮೈಯಲ್ಲಿ ಟಿಬಿ ಬೇಗ ತಲೆ ಎತ್ತುತ್ತದೆ. 1950ರ ದಶಕದಲ್ಲಿ ಸಿ.ಡಿ. ಹೌ ಎಂಬ ಸರ್ಕಾರಿ ಹಡಗು ಬಂದು ಎಲ್ಲರ ಎಕ್ಸ್‌ರೇ ತೆಗೆಯುತ್ತಿತ್ತು. ಟಿಬಿ ಕಂಡವರನ್ನು ಮನೆಗೆ ಹೋಗಿ ಹೇಳಿ ಬರಲೂ ಬಿಡದೆ ದಕ್ಷಿಣದ ಸ್ಯಾನಿಟೋರಿಯಂಗಳಿಗೆ, ಅಂದರೆ ಟಿಬಿ ಆಸ್ಪತ್ರೆಗಳಿಗೆ, ಸಾಗಿಸಿದ್ದೂ ಉಂಟು. ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಎಲ್ಲಿ ಮಣ್ಣು ಮಾಡಿದರು ಅಂತಲೂ ಮನೆಯವರಿಗೆ ತಿಳಿಯಲಿಲ್ಲ. 2019ರಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ನುನಾವುಟ್‌ಗೇ ಹೋಗಿ ಇದಕ್ಕೆ ಕ್ಷಮೆ ಕೇಳಿದರು.

ಭೂಪಟದ ಬೇರೆ ಕಡೆಯೂ ಇದೇ ಕಥೆ. ಆಫ್ರಿಕಾದ ಚಾಡ್ ದೇಶದಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 15 ಜನ. ಅಲ್ಲಿನ ಸರಾಸರಿ ಆಯಸ್ಸು 60 ಕೂಡ ಮುಟ್ಟಿಲ್ಲ. ನೆದರ್‌ಲೆಂಡ್ಸ್ ಹೆಚ್ಚುಕಡಿಮೆ ಭಾರತದಷ್ಟೇ ಒತ್ತಾದ ದೇಶ, ಬರೀ ಒಣನೆಲದ ಲೆಕ್ಕ ಹಿಡಿದರೆ ನಮಗಿಂತ ಒಂದು ಕೈ ಮೇಲು. ಆಯಸ್ಸು 80 ದಾಟಿದೆ. ಶ್ರೀಮಂತರು ಬಿಡಿ ಅನ್ನುತ್ತೀರಾ? ಸರಿ, ಬಾಂಗ್ಲಾದೇಶ ನೋಡಿ. ಕರ್ನಾಟಕಕ್ಕಿಂತ ಚಿಕ್ಕ ಜಾಗ, ಅದರಲ್ಲಿ 17 ಕೋಟಿ ಜನ. 1990ರಲ್ಲಿ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 145 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಆಗ ಅವರಿಗಿಂತ ನಮ್ಮ ಸ್ಥಿತಿ ವಾಸಿ ಇತ್ತು. ಇವತ್ತು ಎರಡೂ ದೇಶಗಳಲ್ಲಿ ಆ ಸಂಖ್ಯೆ 30ರ ಆಸುಪಾಸಿಗೆ ಇಳಿದಿದೆ, ಸರಾಸರಿ ಆಯಸ್ಸಿನಲ್ಲಿ ಅವರು ನಮಗಿಂತ ಮುಂದಿದ್ದಾರೆ.

ಇದು ದೊಡ್ಡ ಆಸ್ಪತ್ರೆಗಳಿಂದ ಆಗಿದ್ದಲ್ಲ. ವಾಂತಿಭೇದಿಯಲ್ಲಿ ಮಗು ಸಾಯುವುದು ಮೈಯ ನೀರು, ಉಪ್ಪು ಖಾಲಿಯಾಗಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬೊಂಗಾವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಡ್ರಿಪ್ ಸಿಗದೆ ನೂರಕ್ಕೆ 30ರಷ್ಟು ಆಗುತ್ತಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಬಾಂಗ್ಲಾದೇಶದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಬ್ರಾಕ್ ಎಂಬ ಸಂಸ್ಥೆ. 1980ರಿಂದ ಹತ್ತು ವರ್ಷ ಅದರ ಹೆಣ್ಣುಮಕ್ಕಳು ಒಂದೊಂದೇ ಮನೆಯ ಬಾಗಿಲಿಗೆ ಹೋದರು. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಕೈಯಲ್ಲೇ ಕಲಸಿಸುತ್ತಿದ್ದರು. ನನಗೆ ತುಂಬಾ ಇಷ್ಟವಾಗುವುದು ಅವರ ಸಂಬಳದ ಪದ್ಧತಿ. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ ಕೆಲವು ಮನೆಗಳಲ್ಲಿ ಅದನ್ನೇ ಮಾಡಿಸಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಹೇಳಿಕೊಟ್ಟವರಿಗೆ ಸಂಬಳ. ಮೇಷ್ಟ್ರಾಗಿದ್ದ ನಿಮಗೆ ಈ ಪದ್ಧತಿ ಕೇಳಿ ಎದೆ ಝಲ್ಲೆಂದಿರಬಹುದು! ಒಂದು ಕೋಟಿಗೂ ಜಾಸ್ತಿ ಮನೆಗಳಿಗೆ ಹೀಗೆ ಹೋದರು.

ಹುಟ್ಟಿದ ಮಗು ಉಳಿಯುತ್ತದೆ ಅನ್ನುವ ನಂಬಿಕೆ ಬಂದಮೇಲೆ ತಾಯಂದಿರು ಕಡಿಮೆ ಹೆತ್ತರು. 1970ರ ದಶಕದಲ್ಲಿ ಒಬ್ಬಳಿಗೆ ಆರಕ್ಕೂ ಜಾಸ್ತಿ ಮಕ್ಕಳಿದ್ದದ್ದು ಈಗ ಎರಡರ ಹತ್ತಿರಕ್ಕೆ ಬಂದಿದೆ. ಅಂದರೆ ನೀವು ಹೇಳಿದ ಕ್ರಮ ಇಲ್ಲಿ ತಿರುವುಮುರುವು. ಜನಸಂಖ್ಯೆ ಇಳಿದು ಆರೋಗ್ಯ ಸುಧಾರಿಸಲಿಲ್ಲ, ಮಕ್ಕಳು ಬದುಕತೊಡಗಿದ ಮೇಲೆ ಹೆರಿಗೆ ಇಳಿಯಿತು. ಹೆಣ್ಣುಮಕ್ಕಳ ಓದು, ಕೈಗೆಟುಕುವ ಗರ್ಭನಿರೋಧಕ ಇವೂ ಸೇರಿದವು ಅನ್ನಿ. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಆಪರೇಷನ್ ಮಾಡಿ ಏನಾಯಿತು ಅಂತ ನಿಮ್ಮ ವಯಸ್ಸಿನವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಜಪಾನ್. ಒಂದು ಲೆಕ್ಕ ಕೊಡುತ್ತೇನೆ. ಜಪಾನಿನಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 13 ಜನ ಸಾಯುತ್ತಾರೆ. ಭಾರತದಲ್ಲಿ ಆರೇಳು ಜನ. ಹಾಗಾದರೆ ಯಾರ ಆರೋಗ್ಯ ಚೆನ್ನಾಗಿದೆ? ಅಷ್ಟು ದೂರ ಯಾಕೆ, ಕೇರಳದ ಮರಣ ದರವೂ ಬಿಹಾರಕ್ಕಿಂತ ಜಾಸ್ತಿ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲು ಸಾಯುವವು 2020ರಲ್ಲಿ ಬಿಹಾರದಲ್ಲಿ 27, ಕೇರಳದಲ್ಲಿ ಬರೀ 6. ಆದರೂ ಒಟ್ಟು ಸಾವಿನ ದರ ಕೇರಳದಲ್ಲೇ ಜಾಸ್ತಿ. ಉತ್ತರ ಇರುವುದು ವಯಸ್ಸಿನಲ್ಲಿ. ಜಪಾನಿನಲ್ಲಿ ನೂರಕ್ಕೆ 29 ಜನ 65 ದಾಟಿದವರು. ಕೇರಳದಲ್ಲಿ ಆರರಲ್ಲಿ ಒಬ್ಬರು 60 ದಾಟಿದವರು. ಮುದುಕರು ಜಾಸ್ತಿ ಇದ್ದ ಕಡೆ ಸಾವು ಜಾಸ್ತಿ, ಅಷ್ಟೇ. ಕತಾರ್‌ನಲ್ಲಿ ಸಾವಿನ ದರ ಇನ್ನೂ ಕಡಿಮೆ. ಅಲ್ಲಿರುವವರಲ್ಲಿ ದೊಡ್ಡ ಪಾಲು ದುಡಿಯಲು ಹೋದ ಗಟ್ಟಿ ವಯಸ್ಸಿನ ಗಂಡಸರು, ನಮ್ಮವರೂ ಅದರಲ್ಲಿದ್ದಾರೆ. ವಯಸ್ಸಾದ ಮೇಲೆ ಅವರು ಊರಿಗೆ ವಾಪಸ್ ಬರುತ್ತಾರೆ. ಕಾಯಿಲೆ, ಸಾವು ನಮ್ಮ ಲೆಕ್ಕಕ್ಕೆ ಬೀಳುತ್ತವೆ. ಅದಕ್ಕೇ ಆರೋಗ್ಯದ ಲೆಕ್ಕ ಹಾಕುವ ನಾವು ಎರಡು ದೇಶಗಳನ್ನು ಹೋಲಿಸುವಾಗ ಮೊದಲು ವಯಸ್ಸನ್ನು ಸರಿದೂಗಿಸಿಕೊಳ್ಳುತ್ತೇವೆ. ಪತ್ರಿಕೆಗಳಲ್ಲಿ ಬರುವ ಹೋಲಿಕೆಗಳು ಎಷ್ಟೋ ಸಲ ಇಲ್ಲೇ ಮುಗ್ಗರಿಸುತ್ತವೆ.

ವಯಸ್ಸಿನ ಆಕಾರ ಬದಲಾದರೆ ದೇಶಕ್ಕೆ ಬೇಕಾಗುವ ಆಸ್ಪತ್ರೆಯೇ ಬದಲಾಗುತ್ತದೆ. ಪಶ್ಚಿಮ ಆಫ್ರಿಕಾದ ನೈಜರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನ 15ರ ಒಳಗಿನವರು. ಅಲ್ಲಿ ಬೇಕಾದದ್ದು ಲಸಿಕೆ, ಸೊಳ್ಳೆ ಪರದೆ, ಹೆರಿಗೆ ಮಾಡಿಸಲು ಬರುವ ನರ್ಸ್. ಜನ ಸುಮಾರು 20 ವರ್ಷಕ್ಕೆ ಎರಡರಷ್ಟಾಗುವುದರಿಂದ ಇವತ್ತು ಇರುವಷ್ಟೇ ಸೇವೆ ಉಳಿಸಿಕೊಳ್ಳಬೇಕಾದರೂ ನರ್ಸುಗಳನ್ನು ಎರಡರಷ್ಟು ಮಾಡಬೇಕು. ಈ ಒಂದು ವಿಷಯದಲ್ಲಿ ನಿಮ್ಮ ಮಾತು ಸರಿ. ಬೇಗ ಬೆಳೆಯುವ ಜನಸಂಖ್ಯೆ ಬಡ ಸರ್ಕಾರದ ಉಸಿರು ಕಟ್ಟಿಸುತ್ತದೆ.

ಜಪಾನಿಗೆ ಬೇಕಾದದ್ದು ಬೇರೆ. ಸ್ನಾನ ಮಾಡಿಸುವವರು, ಮನೆಗೆ ಬಂದು ನೋಡಿಕೊಳ್ಳುವವರು ಬೇಕು. 2000ದಲ್ಲಿ ಅವರು ಇದಕ್ಕೇ ಒಂದು ವಿಮೆ ಶುರು ಮಾಡಿದರು, 40 ತುಂಬಿದ ಎಲ್ಲರೂ ಕಂತು ಕಟ್ಟಬೇಕು. ಅವರ ಅಳು ಜನ ಕಡಿಮೆ ಆದದ್ದಕ್ಕೆ ಅನ್ನುವುದಕ್ಕಿಂತ, ಕಂತು ಕಟ್ಟುವವರು, ಕೈ ಹಿಡಿದು ನಡೆಸುವವರು ಕಡಿಮೆ ಆದದ್ದಕ್ಕೆ. ಅಂಥ ದೇಶದಲ್ಲೂ ಮುದುಕರು ಗಟ್ಟಿಯಾಗಿರುವುದು ಸುಮ್ನೆ ಅಲ್ಲ. ನಾಗಾನೊ ಅಂತ ಗುಡ್ಡಗಾಡು ಪ್ರಾಂತ್ಯ, ಚಳಿಗಾಲಕ್ಕೆ ಉಪ್ಪಿನಲ್ಲಿ ಹಾಕಿಟ್ಟ ತರಕಾರಿಯೇ ಅಲ್ಲಿನ ಊಟ. 1960ರ ದಶಕದಲ್ಲಿ ಪಾರ್ಶ್ವವಾಯುವಿನ ಸಾವಿಗೆ ಹೆಸರಾಗಿತ್ತು. ಊರಿನ ಹೆಂಗಸರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗಿ ಮಿಸೊ ಸಾರಿನಲ್ಲಿ ಉಪ್ಪೆಷ್ಟಿದೆ ಅಂತ ಅಳೆದು ತೋರಿಸಿದರು. ಆಮೇಲೆ ಆಯಸ್ಸಿನ ಪಟ್ಟಿಯಲ್ಲಿ ನಾಗಾನೊ ಜಪಾನಿಗೇ ಮೊದಲ ಸ್ಥಾನಕ್ಕೆ ಬಂತು.

ನಿಮ್ಮ ಕ್ಯೂ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಈಗ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು (2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ). ಜನಸಂಖ್ಯೆ ಹಾಗೇ ನಿಲ್ಲಲು 2.1 ಬೇಕು. ಜನಸಂಖ್ಯೆ ಇಳಿಯಬೇಕಾದರೆ ಮೊದಲು ಹೆರಿಗೆ ಇಳಿಯಬೇಕು, ಅದು ಆಗಲೇ ಆಗಿಹೋಗಿದೆ. ಮುಂದಿನ ಸಲ ನಿಂತಾಗ ನಿಮ್ಮ ಹಿಂದೆ ಮುಂದೆ ಯಾರಿದ್ದಾರೆ ನೋಡಿ. ಹೆಚ್ಚಿನವರು 50 ದಾಟಿದ, ಬಿಪಿ, ಶುಗರ್ ಇರುವವರು. ವಾಂತಿಭೇದಿಯ ಮಗುವಿಗೆ ಒಂದು ಸಲ ಬಂದರೆ ಸಾಕು. ಬಿಪಿಯವರು ಸಾಯುವವರೆಗೂ ಬರಬೇಕು. ಮಕ್ಕಳು ಕಡಿಮೆ ಆದಷ್ಟೂ ಈ ಸಾಲು ಉದ್ದವಾಗುತ್ತದೆ. ಬಾಂಗ್ಲಾದೇಶ ಎಡವಿರುವುದೂ ಇಲ್ಲೇ. ಉಪ್ಪು, ಬೆಲ್ಲದ ನೀರಿನಿಂದ ಮಕ್ಕಳನ್ನು ಉಳಿಸಿಕೊಂಡ ದೇಶದಲ್ಲಿ ಇವತ್ತು ಚಿಕಿತ್ಸೆಯ ಖರ್ಚಿನಲ್ಲಿ ಬಹುಪಾಲು ಜನರ ಜೇಬಿನಿಂದಲೇ ಹೋಗುತ್ತದೆ.

ಥಾಯ್ಲೆಂಡ್ ಬೇರೆ ದಾರಿ ಹಿಡಿಯಿತು. 1980ರ ದಶಕದಲ್ಲಿ ಕೆಲವು ವರ್ಷ ಪಟ್ಟಣಗಳಲ್ಲಿ ಹೊಸ ಆಸ್ಪತ್ರೆ ಕಟ್ಟುವುದನ್ನೇ ನಿಲ್ಲಿಸಿ ಆ ದುಡ್ಡನ್ನು ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಹಾಕಿತು. 2002ರಲ್ಲಿ ಎಲ್ಲರಿಗೂ 30 ಬಾತ್‌ಗೆ (ಬಾತ್ ಅಲ್ಲಿನ ನಾಣ್ಯ) ಚಿಕಿತ್ಸೆ ಅಂತ ಜಾರಿಗೆ ತಂದಾಗ ಹಳ್ಳಿಯಲ್ಲಿ ಆಸ್ಪತ್ರೆಯೂ ಇತ್ತು, ಡಾಕ್ಟರೂ ಇದ್ದರು. ನಮ್ಮಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ಆರೋಗ್ಯಕ್ಕೆ ಮಾಡುವ ಖರ್ಚು ಜಿಡಿಪಿಯ ನೂರಕ್ಕೆ ಎರಡನ್ನೂ ಮುಟ್ಟಿಲ್ಲ (2021-22ರಲ್ಲಿ 1.84). 2025ರ ಹೊತ್ತಿಗೆ ಎರಡೂವರೆ ಮಾಡುತ್ತೇವೆ ಅಂತ 2017ರ ಆರೋಗ್ಯ ನೀತಿಯಲ್ಲಿ ಬರೆದಿತ್ತು. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಒಂದು ಸಣ್ಣ ಮಾತು ಕೇಳಿ ನೋಡಿ. ಬಿಪಿ ಹತೋಟಿಯಲ್ಲಿ ಇರುವವರಿಗೆ ಒಂದೇ ಸಲ ಎರಡು ಮೂರು ತಿಂಗಳ ಮಾತ್ರೆಯನ್ನು ಹಳ್ಳಿಯ ಉಪಕೇಂದ್ರದಲ್ಲೇ ಕೊಡಬಹುದಲ್ವಾ ಅಂತ.

ಆರೋಗ್ಯವನ್ನು ಆಳುವ ಇನ್ನೊಂದು ವಿಷಯ ಅಸಮಾನತೆ. ಇದನ್ನು ಜನ ಬಡತನ ಅಂತಲೇ ತಿಳಿಯುತ್ತಾರೆ. ಪೂರ್ತಿ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಮೈಕೆಲ್ ಮಾರ್ಮಟ್ ನೇತೃತ್ವದ ಆಯೋಗ 2008ರಲ್ಲಿ ಕೊಟ್ಟ ವರದಿಯಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೊ ಊರಿನ ಲೆಕ್ಕವಿದೆ. ಅಲ್ಲಿನ ಕಾಲ್ಟನ್ ಬಡಾವಣೆಯ ಗಂಡಸಿನ ಸರಾಸರಿ ಆಯಸ್ಸು 54. ಕೆಲವೇ ಮೈಲಿ ಆಚೆಗಿನ ಲೆಂಜಿಯಲ್ಲಿ 82. ಆಗ ಭಾರತದ ಗಂಡಸಿನದ್ದು 62. ಬ್ರಿಟನ್ನಿನಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ ಅನ್ನುವುದು ನೆನಪಿರಲಿ. ಇದೇ ಮಾರ್ಮಟ್ ಅದಕ್ಕೂ ಮೊದಲು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನದಲ್ಲಿದ್ದವರು. 1967ರಲ್ಲಿ ಶುರುವಾಗಿ ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಸಾಹೇಬರಿಗೆ ಹೋಲಿಸಿದರೆ ಜವಾನರು ಹೃದಯದ ಕಾಯಿಲೆಯಿಂದ ಸಾಯುವುದು ಸುಮಾರು ಮೂರು ಪಟ್ಟು ಜಾಸ್ತಿ. ನಡುವಿನ ಗುಮಾಸ್ತರದ್ದು ನಡುವಿನ ಪಾಲು. ಇವರಲ್ಲಿ ಯಾರೂ ಉಪವಾಸ ಇದ್ದವರಲ್ಲ, ಎಲ್ಲರಿಗೂ ತಿಂಗಳ ಸಂಬಳ. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕ ಹಾಕಿದರೂ ವ್ಯತ್ಯಾಸದ ಅರ್ಧದಷ್ಟಕ್ಕೂ ಕಾರಣ ಸಿಗಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದೂ ಮೈಯನ್ನು ತಿನ್ನುತ್ತದೆ ಅನ್ನುವ ಕಡೆಗೆ ಮುಂದಿನ ಅಧ್ಯಯನಗಳು ಬೊಟ್ಟು ಮಾಡಿದವು.

ಜನರ ಓಡಾಟವೂ, ಅಸಮಾನತೆಯೂ ಕೂಡಿಕೊಂಡರೆ ಏನಾಗುತ್ತದೆ ಅಂತ ನೋಡಲು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕು. ಚಿನ್ನದ ಗಣಿಗಳಿಗೆ ಹಳ್ಳಿಗಳಿಂದ, ಪಕ್ಕದ ಲೆಸೊಥೊ, ಮೊಜಾಂಬಿಕ್‌ಗಳಿಂದ ಗಂಡಸರನ್ನು ತರುತ್ತಿದ್ದರು. ಹೆಂಡತಿ, ಮಕ್ಕಳನ್ನು ಕರೆದುಕೊಂಡು ಬರುವ ಹಾಗಿಲ್ಲ. ಗಂಡಸರೇ ತುಂಬಿದ ಹಾಸ್ಟೆಲ್‌ಗಳು, ವರ್ಷಕ್ಕೊಮ್ಮೆ ಊರು. ಎಚ್‌ಐವಿ ಬಂದಾಗ ಅದು ಎರಡೂ ಕಡೆ ಹರಡಲು ದಾರಿ ಮೊದಲೇ ಸಿದ್ಧವಿತ್ತು. ಗಣಿಯ ಧೂಳಿನಿಂದ ಹಾಳಾದ ಶ್ವಾಸಕೋಶಕ್ಕೆ ಟಿಬಿಯೂ ಸೇರಿತು. 1990ರ ದಶಕದ ಆರಂಭದಿಂದ 2005ರ ಹೊತ್ತಿಗೆ ದೇಶದ ಸರಾಸರಿ ಆಯಸ್ಸು ಸುಮಾರು ಹತ್ತು ವರ್ಷ ಕುಸಿಯಿತು. ಎಚ್‌ಐವಿಗೆ ಔಷಧ ಇರಲಿಲ್ಲವೇ? ಇತ್ತು, 1996ರಿಂದಲೇ ಇತ್ತು, ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಹೋಳಿಗೆ ಬಡಿಸಿ ಕೊನೇ ಪಂಕ್ತಿಗೆ ಬರೀ ಅನ್ನ ಸಾರು ಹಾಕಿದ ಹಾಗೆ ಅದು ಅಮೆರಿಕ, ಯುರೋಪಿನಲ್ಲೇ ಮುಗಿದುಹೋಗುತ್ತಿತ್ತು. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಆ ಚಿಕಿತ್ಸೆಗೆ ಬೇಕಾದ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದರು. ಆಮೇಲೆ ಬೆಲೆ ಇಳಿಯುತ್ತಲೇ ಹೋಯಿತು, ಆಫ್ರಿಕಾದ ಆಯಸ್ಸು ಮತ್ತೆ ಏರಿತು. ಕೋವಿಡ್ ಹೊತ್ತಿಗೆ ನಾವು ಇದನ್ನು ಕಲಿತಿದ್ದೇವೆ ಅಂದುಕೊಂಡಿದ್ದೆವು. 2021ರ ಕೊನೆಗೆ ಶ್ರೀಮಂತ ದೇಶಗಳು ಬೂಸ್ಟರ್ ಹಾಕುತ್ತಿದ್ದಾಗ ತೀರಾ ಬಡ ದೇಶಗಳಲ್ಲಿ ನೂರಕ್ಕೆ ಹತ್ತು ಜನಕ್ಕೂ ಒಂದು ಡೋಸ್ ಸಿಕ್ಕಿರಲಿಲ್ಲ.

ಕೊನೆಯದಾಗಿ ನಮ್ಮ ಮೈಸೂರಿನದ್ದೇ ಒಂದು ವಿಷಯ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಅಂದರೆ ಕೆಲವರಿಗಷ್ಟೇ ಗೊತ್ತು, ಮಿಷನ್ ಆಸ್ಪತ್ರೆ ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಎಲ್ಲ ಬರೆದಿಟ್ಟ ರಿಜಿಸ್ಟರುಗಳಿದ್ದವು. ಭಾರತದಲ್ಲಿ ಇಂಥದ್ದು ಉಳಿದಿರುವುದೇ ಅಪರೂಪ. 1990ರ ದಶಕದಲ್ಲಿ ಸಂಶೋಧಕರು ಆ ಆಸ್ಪತ್ರೆಯ ಸುತ್ತಮುತ್ತಲೇ ಇನ್ನೂ ವಾಸವಿದ್ದ, 1934ರಿಂದ 1954ರ ನಡುವೆ ಅಲ್ಲೇ ಹುಟ್ಟಿದ 517 ಜನರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನಕ್ಕೆ ಹೃದಯದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಬರೀ 3. ಮಗುವಿನ ತೂಕವೂ ಕಡಿಮೆ, ತಾಯಿಯೂ 45 ಕಿಲೋಗಿಂತ ಕಡಿಮೆ ಇದ್ದ ಕಡೆ ಕಾಯಿಲೆ ಎಲ್ಲಕ್ಕಿಂತ ಜಾಸ್ತಿ. 1940ರಲ್ಲಿ ಒಬ್ಬ ಬಸುರಿಗೆ ಸಾಲದೆ ಹೋದ ಊಟ 1990ರಲ್ಲಿ ಅವಳ ಮಗನ ಇಸಿಜಿಯಲ್ಲಿ ಕಂಡಿತು.

ಈಗ ಯಾದಗಿರಿ ನೋಡಿ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅಲ್ಲಿ ಐದರೊಳಗಿನ ಅರ್ಧಕ್ಕೂ ಜಾಸ್ತಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಗರ್ಭಿಣಿಯಾದ ಮೇಲೆ ಕಬ್ಬಿಣದ ಮಾತ್ರೆ ಕೊಟ್ಟು ಇದನ್ನು ಸರಿ ಮಾಡಲು ಆಗುವುದಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೆ ಬಸುರಾಗುವ ಮೊದಲಿನಿಂದಲೇ ಸೊಪ್ಪು, ಹಾಲು, ಹಣ್ಣು ಸೇರಿಸಿದ ತಿಂಡಿ ದಿನಾ ಕೊಟ್ಟು ನೋಡಿದ ಒಂದು ದೊಡ್ಡ ಪ್ರಯೋಗ ನಡೆಯಿತು. ಮೂರು ತಿಂಗಳಾದರೂ ಮುಂಚೆ ಶುರು ಮಾಡಿದವರ ಮಕ್ಕಳ ತೂಕ ಸ್ವಲ್ಪ ಏರಿತು. ತೀರಾ ಬಡಕಲಾಗಿದ್ದವರ ಮಕ್ಕಳದ್ದು ಏರಲಿಲ್ಲ. ಅವರಿಗೆ ಇನ್ನೂ ಎಷ್ಟೋ ವರ್ಷ ಮೊದಲೇ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೊಟ್ಟೆ ತುಂಬಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ವಿರೋಧ ಎಷ್ಟು ಬಂತು ಅಂತ ನೀವು ಪೇಪರಿನಲ್ಲಿ ಓದಿರುತ್ತೀರಿ. ಆಮೇಲೆ ಅದು ಇಡೀ ರಾಜ್ಯಕ್ಕೆ ಬಂತು. ಮಕ್ಕಳು ತಟ್ಟೆ ಖಾಲಿ ಮಾಡಿ ಎದ್ದರು. ಆ ಹುಡುಗಿಯರ ಮಕ್ಕಳು ಎಷ್ಟು ತೂಕದವರಾಗಿ ಹುಟ್ಟುತ್ತಾರೆ ಅಂತ ನೋಡಲು ಇನ್ನೂ ಹತ್ತು ಹದಿನೈದು ವರ್ಷ ಕಾಯಬೇಕು.